ವಿಂಡೋಸ್ ಮುಟ್ಟದೆ ಲಿನಕ್ಸ್ ಬೂಟ್ ಮಾಡುವುದು: ಮೊದಲು ಕೀ, ಆಮೇಲೆ ಪೆನ್ ಡ್ರೈವ್

ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್ ಇದೆ, ವಿಂಡೋಸ್ ತೆವಳುತ್ತಿದೆ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಹಾಕಿ ನೋಡೋಣ ಅನ್ನಿಸುತ್ತದೆ. ಆದರೆ ಒಳಗಿರುವ ಮದುವೆ ಫೋಟೋ, ಪಹಣಿಯ ಸ್ಕ್ಯಾನ್, ಮಗಳ ಪ್ರಾಜೆಕ್ಟ್ ಎಲ್ಲಾ ಹೋಗಿಬಿಟ್ಟರೆ ಅನ್ನುವ ಭಯ. ಹೋಗುವುದಿಲ್ಲ. ಪೆನ್ ಡ್ರೈವ್‌ನಿಂದ ಬೂಟ್ ಮಾಡಿದ (ಅಂದರೆ ಯಂತ್ರ ಆನ್ ಆಗುವಾಗ ಅಲ್ಲಿಂದಲೇ ಶುರು ಮಾಡಿದ) ಲಿನಕ್ಸ್ ಪೆನ್ ಡ್ರೈವ್ ಮತ್ತು ರ‍್ಯಾಮ್ ಎರಡರಲ್ಲೇ ಓಡುತ್ತದೆ. ನೀವಾಗಿ ಇನ್‌ಸ್ಟಾಲ್ ಒತ್ತುವವರೆಗೆ, ಅಥವಾ ನೀವಾಗಿ ವಿಂಡೋಸ್ ಡ್ರೈವ್ ತೆರೆದು ಏನಾದರೂ ಬದಲಿಸುವವರೆಗೆ, ನಿಮ್ಮ ಫೈಲ್‌ಗಳ ತಂಟೆಗೆ ಅದು ಬರುವುದಿಲ್ಲ.

ಮೈಸೂರಿನಲ್ಲಿ ಪರಿಚಯದವರಿಗೆ ಇದನ್ನು ಮಾಡಿಕೊಡುತ್ತಾ ಬಂದಿದ್ದೇನೆ, ಮಂಡ್ಯ ಕಡೆಯಿಂದಲೂ ಫೋನ್ ಮಾಡಿ ಕೇಳುವವರಿದ್ದಾರೆ. ಬಹುತೇಕ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಲಿನಕ್ಸ್‌ನಲ್ಲಿ ಅಲ್ಲ, ಅದಕ್ಕಿಂತ ಮುಂಚೆ. ಈಗಿನ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಸುತ್ತ ಮೂರು ಬೀಗಗಳಿವೆ: ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ (ಕೀ ಇಲ್ಲದೆ ಓದಲು ಆಗದಂತೆ ಮಾಡುವ) ಬಿಟ್‌ಲಾಕರ್, ಪೂರ್ತಿ ಆಫ್ ಆಗಲು ಬಿಡದ ಫಾಸ್ಟ್ ಸ್ಟಾರ್ಟಪ್, ಸಹಿ ಇರುವ ಪ್ರೋಗ್ರಾಂಗಳಿಂದ ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್. ಈ ಮೂರನ್ನೂ ಇದೇ ಕ್ರಮದಲ್ಲಿ ನೋಡಿಕೊಂಡು ಹೋದರೆ ಏನೂ ಆಗುವುದಿಲ್ಲ. ಯೂಟ್ಯೂಬ್ ನೋಡಿ ಸೀದಾ ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲೇ ಓಡುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿಗೆ) ನುಗ್ಗಿದವರು ಮಾತ್ರ ಒದ್ದಾಡುತ್ತಾರೆ. ಆದ್ದರಿಂದ ಮುಂದಿನ ಭಾಗವನ್ನು ದಯವಿಟ್ಟು ಹಾರಿಸಬೇಡಿ.

ಆ 48 ಅಂಕಿ ಎಲ್ಲಿದೆ?

ವಿಂಡೋಸ್ 11ನ್ನು ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟಪ್ ಮಾಡಿದರೆ, ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ನಿಮ್ಮನ್ನು ಕೇಳುವುದೂ ಇಲ್ಲ. 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ಇದು ಇನ್ನೂ ಜಾಸ್ತಿ ಯಂತ್ರಗಳಲ್ಲಿ ಶುರುವಾಯಿತು. ಹೋಮ್ ಆವೃತ್ತಿಯಲ್ಲಿ ಇದರ ಹೆಸರು ಡಿವೈಸ್ ಎನ್‌ಕ್ರಿಪ್ಷನ್, ಪ್ರೋನಲ್ಲಿ ಬಿಟ್‌ಲಾಕರ್. ಒಳಗಿನ ಕೆಲಸ ಒಂದೇ.

ಇದು ನಡೆಯುವುದು ಹೀಗೆ. ಡಿಸ್ಕ್ ತೆರೆಯುವ ಕೀಯನ್ನು ಟಿಪಿಎಂ ಅನ್ನುವ ಚಿಪ್ ಕಾಯುತ್ತಿರುತ್ತದೆ. ಪ್ರತಿ ಸಲ ಆನ್ ಮಾಡಿದಾಗ, ಯಂತ್ರ ಎಂದಿನಂತೆಯೇ ಬೂಟ್ ಆಗುತ್ತಿದೆಯಾ ಅಂತ ನೋಡಿ, ಹೌದಾದರೆ ಮಾತ್ರ ಕೀಯನ್ನು ವಿಂಡೋಸ್‌ಗೆ ಕೊಡುತ್ತದೆ. ನೀವು ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಲೆಕ್ಕ ತಪ್ಪುತ್ತದೆ, ಚಿಪ್ ಕೀ ಕೊಡುವುದಿಲ್ಲ, ಮುಂದಿನ ಸಲ ವಿಂಡೋಸ್ ಬದಲು ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಇದ್ದರೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ಯಾವ ಅಂಗಡಿಯವರೂ, ಯಾವ ಎಂಜಿನಿಯರ್ರೂ ಅದನ್ನು ಬಿಡಿಸಿಕೊಡಲು ಆಗುವುದಿಲ್ಲ.

ಹಾಗಾಗಿ ಮೊದಲು ನೋಡಿ. ಸೆಟ್ಟಿಂಗ್ಸ್ ತೆರೆದು ಪ್ರೈವಸಿ ಅಂಡ್ ಸೆಕ್ಯೂರಿಟಿಗೆ ಹೋಗಿ, ಅಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ? ಪ್ರೋ ಆದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ಡ್ರೈವ್ ಎನ್‌ಕ್ರಿಪ್ಷನ್ ನೋಡಿ. ಆನ್ ಇದ್ದರೆ, ಫೋನಿನಲ್ಲೋ ಬೇರೆ ಕಂಪ್ಯೂಟರ್‌ನಲ್ಲೋ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ, ಡಿವೈಸಸ್ ಪುಟದಲ್ಲಿ ಆ ಲ್ಯಾಪ್‌ಟಾಪ್ ಹುಡುಕಿ, ರಿಕವರಿ ಕೀಗಳನ್ನು ತೆರೆಯಿರಿ. ಒಂದಕ್ಕಿಂತ ಹೆಚ್ಚು ಕೀ ಇರಬಹುದು, ಪ್ರತಿಯೊಂದಕ್ಕೂ ಪಕ್ಕದಲ್ಲಿ ಕೀ ಐಡಿ ಇರುತ್ತದೆ. ನೀಲಿ ಪರದೆಯಲ್ಲಿಯೂ ಅದೇ ಐಡಿ ಕಾಣುತ್ತದೆ, ಎರಡನ್ನೂ ಹೋಲಿಸಿ ಸರಿಯಾದ ಕೀ ಕೊಡಬೇಕು. ಆದ್ದರಿಂದ ಅಂಕಿಗಳ ಜೊತೆ ಐಡಿಯನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿದರೆ ಏನೂ ಪ್ರಯೋಜನ ಇಲ್ಲ.

ಈಗ ನಮ್ಮ ಕಡೆ ಬರುವ ನಿಜವಾದ ಸಮಸ್ಯೆ: ಆ ಅಕೌಂಟ್ ಯಾರದ್ದು? ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗನೇ ಯಾವುದೋ ಮೇಲ್ ಐಡಿ ಹಾಕಿ ಸೆಟಪ್ ಮಾಡಿ ಕೊಟ್ಟಿರುತ್ತಾನೆ. ಇಲ್ಲವೇ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ದಸರಾಕ್ಕೆ ಬಂದಾಗ ತನ್ನ ಐಡಿಯಲ್ಲೇ ಮಾಡಿರುತ್ತಾನೆ. ಕೀ ಹೋಗಿ ಕೂತಿರುವುದು ಅಲ್ಲಿ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ಪುಟದಲ್ಲಿ ಈಗ ಯಾವ ಐಡಿ ಇದೆ ನೋಡಿ. ಅದು ನಿಮ್ಮದಲ್ಲದಿದ್ದರೆ ಅವರಿಂದ ಕೀ ತರಿಸಿಕೊಳ್ಳಿ. ಅದು ಆಗುವುದೇ ಇಲ್ಲ ಅಂದರೆ, ವಿಂಡೋಸ್ ಚೆನ್ನಾಗಿ ಓಡುತ್ತಿರುವಾಗಲೇ ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಪುಟದಿಂದ ಕೀ ಬ್ಯಾಕಪ್ ತೆಗೆದು ಪ್ರಿಂಟ್ ಮಾಡಿಕೊಳ್ಳಿ. ಲಿನಕ್ಸ್ ಬಳಸದಿದ್ದರೂ ಸರಿ, ಇವತ್ತೇ ಈ ಕೆಲಸ ಮಾಡಿ ಅನ್ನುತ್ತೇನೆ. ವಿಂಡೋಸ್ ಅಪ್‌ಡೇಟ್ ಅಥವಾ ಬಯೋಸ್ ಅಪ್‌ಡೇಟ್ ಆದ ಮೇಲೂ ಈ ಪರದೆ ಬರುವುದುಂಟು.

ಎನ್‌ಕ್ರಿಪ್ಷನ್ ಪೂರ್ತಿ ತೆಗೆದುಬಿಡಿ ಅನ್ನುವ ಸಲಹೆ ಅಲ್ಲಲ್ಲಿ ಓದಿರುತ್ತೀರಿ. ನನಗೆ ಅದು ಸರಿ ಕಾಣುವುದಿಲ್ಲ. ದಿನಾ ರೈಲಿನಲ್ಲಿ ಮಂಡ್ಯ, ಬೆಂಗಳೂರು ಅಂತ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಓಡಾಡುವವರಿಗೆ ಅದು ಬೇಕೇ ಬೇಕು. ಬ್ಯಾಗ್ ಕಳೆದರೆ ದುಡ್ಡು ಹೋಗುತ್ತದೆ, ಒಳಗಿನ ಆಧಾರ್ ಕಾಪಿ ಬೇರೆಯವರ ಕೈಗೆ ಸಿಗುವುದಿಲ್ಲ. ಕೀ ಕೈಯಲ್ಲಿದ್ದರೆ ಸಾಕು.

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಇಲ್ಲಿಗೇ ನಿಲ್ಲಿಸಿ. ಅದರ ಕೀ ಕಂಪನಿಯ ಬಳಿ ಇರುತ್ತದೆ, ನಿಯಮವೂ ಅವರದೇ.

ಫಾಸ್ಟ್ ಸ್ಟಾರ್ಟಪ್ ಅನ್ನುವ ಅರ್ಧ ನಿದ್ದೆ

ವಿಂಡೋಸ್‌ನಲ್ಲಿ ಶಟ್‌ಡೌನ್ ಒತ್ತಿದರೆ ಅದು ಪೂರ್ತಿ ಆಫ್ ಆಗುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್‌ನಿಂದ ಸಿ ಡ್ರೈವ್ ತೆರೆದರೆ, ಡ್ರೈವ್ ಇನ್ನೂ ಬಳಕೆಯಲ್ಲಿದೆ ಅಂತ ಲಿನಕ್ಸ್‌ಗೆ ಗೊತ್ತಾಗಿ, ಓದಲು ಮಾತ್ರ ಬಿಡುತ್ತದೆ ಅಥವಾ ತೆರೆಯುವುದೇ ಇಲ್ಲ. ಬಲವಂತ ಮಾಡಿ ಬರೆದರೆ ಫೈಲ್‌ಗಳು ಕೆಡಬಹುದು. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನುವ ಲಿಂಕ್, ಅಲ್ಲಿ ಮಸುಕಾಗಿರುವ ಸೆಟ್ಟಿಂಗ್ ಬದಲಿಸುವ ಲಿಂಕ್ ಒತ್ತಿದ ಮೇಲೆ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಒಂದೇ ಸಲಕ್ಕೆ ಸಾಕು ಅಂದರೆ ಶಿಫ್ಟ್ ಕೀ ಹಿಡಿದು ಶಟ್‌ಡೌನ್ ಒತ್ತಿ, ಆಗ ಪೂರ್ತಿ ಆಫ್ ಆಗುತ್ತದೆ. ರೀಸ್ಟಾರ್ಟ್‌ಗೆ ಈ ತೊಂದರೆ ಇಲ್ಲ.

ಯಾವ ಲಿನಕ್ಸ್ ತರುವುದು

ಇಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ನನ್ನ ಆಯ್ಕೆ ನೇರ: 4 ಜಿಬಿ ಅಥವಾ ಜಾಸ್ತಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಇದಕ್ಕಿಂತ ಹಗುರವಾದದ್ದು ಎಷ್ಟೋ ಇವೆ, ಆದರೂ ಇದನ್ನೇ ಹೇಳುತ್ತೇನೆ, ಯಾಕೆಂದರೆ ಸೆಕ್ಯೂರ್ ಬೂಟ್ ಆಫ್ ಮಾಡದೇ ಇದು ಬೂಟ್ ಆಗುತ್ತದೆ. ಬಯೋಸ್ ಮುಟ್ಟುವ ಕೆಲಸವೇ ತಪ್ಪಿದರೆ ಅರ್ಧ ತಲೆನೋವು ಕಡಿಮೆ ಅಲ್ವಾ? ಮಿಂಟ್ 22 ಬಂದಿದ್ದು 2024ರಲ್ಲಿ, 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಲುಬುಂಟು ಕೂಡ ಸೆಕ್ಯೂರ್ ಬೂಟ್ ಆನ್ ಇರುವಾಗಲೇ ಬೂಟ್ ಆಗುತ್ತದೆ, ಅದರ ಡೆಸ್ಕ್‌ಟಾಪ್ ಎಲ್‌ಎಕ್ಸ್‌ಕ್ಯೂಟಿ.

ರ‍್ಯಾಮ್ 2 ಜಿಬಿ ಮಾತ್ರ ಇದ್ದರೆ, ಅಥವಾ ಯಂತ್ರ ತೀರಾ ನಿಧಾನ ಇದ್ದರೆ, ಆಂಟಿಎಕ್ಸ್ ಅಥವಾ ಪಪ್ಪಿ. ಆಂಟಿಎಕ್ಸ್ ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಮೇಲೆ ನಿಂತದ್ದು, ಹಿನ್ನೆಲೆ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿ ಇಲ್ಲದೇ ಓಡುತ್ತದೆ, ಅರ್ಧ ಜಿಬಿ ರ‍್ಯಾಮ್‌ನಲ್ಲೂ ಡೆಸ್ಕ್‌ಟಾಪ್ ತೋರಿಸುವಷ್ಟು ಹಗುರ. ಪಪ್ಪಿ ಲಿನಕ್ಸನ್ನು ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದರು. ಅದರ ಸೊಗಸು ಏನೆಂದರೆ, ಇಡೀ ಸಿಸ್ಟಮ್ ರ‍್ಯಾಮ್‌ಗೆ ಹತ್ತಿಕೊಳ್ಳುತ್ತದೆ, ಆಮೇಲೆ ಎಲ್ಲವೂ ಥಟ್ ಅಂತ ತೆರೆಯುತ್ತದೆ. ಬುಕ್‌ವರ್ಮ್‌ಪಪ್64 ಅನ್ನುವ ಪಪ್ಪಿ ಡೆಬಿಯನ್ 12ರ ಪ್ಯಾಕೇಜ್‌ಗಳಿಂದ ಕಟ್ಟಿದ್ದು, ಡೌನ್‌ಲೋಡ್ ಒಂದು ಜಿಬಿಗಿಂತ ಕಡಿಮೆ. ಆಂಟಿಎಕ್ಸ್, ಪಪ್ಪಿ ಎರಡಕ್ಕೂ ಸೆಕ್ಯೂರ್ ಬೂಟ್ ಆಫ್ ಮಾಡುವ ಲೆಕ್ಕ ಇಟ್ಟುಕೊಳ್ಳಿ. ಟೈನಿ ಕೋರ್ ಇಪ್ಪತ್ತು ಚಿಲ್ಲರೆ ಎಂಬಿಯಲ್ಲಿ ಡೆಸ್ಕ್‌ಟಾಪ್ ಕೊಡುತ್ತದೆ, ನೋಡಲು ಖುಷಿ, ಆದರೆ ವೈಫೈಯಿಂದ ಹಿಡಿದು ಎಲ್ಲವನ್ನೂ ನೀವೇ ಸೇರಿಸಿಕೊಳ್ಳಬೇಕು. ಮೊದಲ ಸಲಕ್ಕೆ ಅದು ಬೇಡ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಲಿನಕ್ಸ್ ಹಗುರವಾದ ಮಾತ್ರಕ್ಕೆ ಬ್ರೌಸರ್ ಹಗುರ ಆಗುವುದಿಲ್ಲ. ಹತ್ತು ಟ್ಯಾಬ್ ತೆರೆದರೆ ಅದು ಎಲ್ಲಿ ಓಡಿದರೂ ಅಷ್ಟೇ ರ‍್ಯಾಮ್ ತಿನ್ನುತ್ತದೆ. ವ್ಯತ್ಯಾಸ ಏನೆಂದರೆ, ಕೆಳಗಿನ ಸಿಸ್ಟಮ್ ಕಡಿಮೆ ತಿಂದಷ್ಟೂ ಬ್ರೌಸರ್‌ಗೆ ಜಾಸ್ತಿ ಉಳಿಯುತ್ತದೆ. 4 ಜಿಬಿ ಯಂತ್ರದಲ್ಲಿ ಆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲಿ ಹೇಳಿದ ಯಾವ ಲಿನಕ್ಸ್‌ನ ಐಎಸ್‌ಒ (ಇಡೀ ಸಿಸ್ಟಮ್ ಇರುವ ಒಂದು ಫೈಲ್) ಕೂಡ ಓಡುವುದಿಲ್ಲ. ಇವೆಲ್ಲ ಇಂಟೆಲ್, ಎಎಂಡಿ ಚಿಪ್‌ಗಳಿಗೆ.

ಪೆನ್ ಡ್ರೈವ್ ತಯಾರಿ

ಪೆನ್ ಡ್ರೈವ್ 16 ಜಿಬಿ, ಯುಎಸ್‌ಬಿ 3, ಹೆಸರಿರುವ ಕಂಪನಿಯದ್ದು ತನ್ನಿ. ಬಿಲ್ ಕೊಡುವ ಅಂಗಡಿಯಿಂದ ತನ್ನಿ. ರಸ್ತೆ ಬದಿಯಲ್ಲಿ ಕಡಿಮೆ ದುಡ್ಡಿಗೆ ಸಿಗುವ ಭಾರೀ ಜಿಬಿಯ ಡ್ರೈವ್‌ಗಳಲ್ಲಿ ಎಷ್ಟೋ ಸಲ ಬರೆದಷ್ಟು ಜಾಗ ಒಳಗೆ ಇರುವುದಿಲ್ಲ, ಬೂಟ್ ಅರ್ಧಕ್ಕೆ ನಿಂತಾಗ ಜನ ಲಿನಕ್ಸನ್ನು ಬೈಯುತ್ತಾರೆ. ಲೈವ್ ಲಿನಕ್ಸ್‌ನ (ಹೀಗೆ ಪೆನ್ ಡ್ರೈವ್‌ನಿಂದಲೇ ಓಡುವುದರ) ವೇಗ ಎಂದರೆ ಪೆನ್ ಡ್ರೈವ್‌ನ ವೇಗವೇ. ಇದರಲ್ಲಿ ಉಳಿಸಬೇಡಿ.

ಐಎಸ್‌ಒ ಫೈಲನ್ನು ಆಯಾ ಲಿನಕ್ಸ್‌ನ ಸ್ವಂತ ಜಾಲತಾಣದಿಂದಲೇ ಇಳಿಸಿ. ಮಿಂಟ್ ಹತ್ತಿರ ಹತ್ತಿರ 3 ಜಿಬಿ. ಮದ್ದೂರು, ಮಳವಳ್ಳಿ ಕಡೆ ಹಳ್ಳಿಯಲ್ಲಿ ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ಇಟ್ಟುಕೊಂಡು ಇಳಿಸುವವರು ಟೊರೆಂಟ್ ಬಳಸಿ, ಮಿಂಟ್‌ನವರೇ ಟೊರೆಂಟ್ ಲಿಂಕ್ ಕೊಟ್ಟಿದ್ದಾರೆ. ಇವತ್ತು ಅರ್ಧ ಇಳಿಸಿ, ನಾಳೆ ನಿಲ್ಲಿಸಿದ ಜಾಗದಿಂದಲೇ ಮುಂದುವರಿಸಬಹುದು, ಮಧ್ಯೆ ಕರೆಂಟ್ ಹೋದರೂ ಇಳಿದಷ್ಟು ಉಳಿದಿರುತ್ತದೆ, ಇಳಿದ ಪ್ರತಿ ತುಂಡನ್ನೂ ಅದೇ ಪರೀಕ್ಷಿಸಿಕೊಳ್ಳುತ್ತದೆ.

ಸ್ನೇಹಿತರ ಹತ್ತಿರ ಇರುವ ಹಳೇ ಐಎಸ್‌ಒ ಸಾಕಲ್ವಾ ಅಂತ ಕೇಳುತ್ತಾರೆ. ಬೇಡ, ಕಾರಣ ಇದೆ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಯಂತ್ರ ಮೊದಲು ನೋಡುವುದು ಶಿಮ್ ಅನ್ನುವ ಚಿಕ್ಕ ಪ್ರೋಗ್ರಾಂ. ಅದಕ್ಕೆ ಮೈಕ್ರೋಸಾಫ್ಟ್‌ನ ಸಹಿ ಇರುತ್ತದೆ. ಶಿಮ್ ಮುಂದಿನ ಗ್ರಬ್ ಅನ್ನುವ ಬೂಟ್ ಲೋಡರನ್ನು (ಸಿಸ್ಟಮ್ ಎಬ್ಬಿಸುವ ಪ್ರೋಗ್ರಾಂ) ಪರೀಕ್ಷಿಸುತ್ತದೆ, ಗ್ರಬ್ ಲೋಡ್ ಮಾಡುವ ಕರ್ನಲ್‌ಗೂ (ಲಿನಕ್ಸ್‌ನ ತಿರುಳು) ಸಹಿ ಬೇಕು. ಹೀಗೆ ಒಂದರ ಕೈ ಒಂದು ಹಿಡಿದು ಮೇಲೆ ಬರುತ್ತದೆ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ದೋಷವಿರುವ ಹಳೇ ಬೂಟ್ ಲೋಡರ್‌ಗಳನ್ನು ತಡೆಹಿಡಿಯಿತು. ಆಗ ತುಂಬಾ ಜನರ ಲಿನಕ್ಸ್ ಬೂಟ್ ಆಗದೆ ನಿಂತಿತು. ಪರದೆಯಲ್ಲಿ ಎಸ್‌ಬಿಎಟಿ, ಸೆಕ್ಯೂರಿಟಿ ಪಾಲಿಸಿ ವಯಲೇಷನ್ ಅಂತ ಬಂದರೆ ಇದೇ ಕಾರಣ ಅಂತ ತಿಳಿಯಿರಿ. ಮೊದಲು ಹೊಸ ಐಎಸ್‌ಒ ತನ್ನಿ.

ಇನ್ನು ಪೆನ್ ಡ್ರೈವ್‌ಗೆ ಬರೆಯುವುದು. ರುಫಸ್ ಅನ್ನುವ ಚಿಕ್ಕ ಉಚಿತ ಪ್ರೋಗ್ರಾಂ ಸಾಕು, ಇನ್‌ಸ್ಟಾಲ್ ಕೂಡ ಬೇಕಿಲ್ಲ. ಪೆನ್ ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ಖಾಲಿ ಮಾಡಿಕೊಳ್ಳಿ. ಬೇರೆ ಪೆನ್ ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ಎಲ್ಲಾ ಕಿತ್ತಿಡಿ, ಆಗ ತಪ್ಪು ಡ್ರೈವ್ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ರುಫಸ್‌ನಲ್ಲಿ ಐಎಸ್‌ಒ ಆರಿಸಿದ ಮೇಲೆ ಸೆಲೆಕ್ಟ್ ಗುಂಡಿಯ ಹತ್ತಿರ ಒಂದು ಟಿಕ್ ಗುರುತಿನ ಚಿಕ್ಕ ಗುಂಡಿ ಇದೆ, ಅದನ್ನು ಒತ್ತಿದರೆ ಫೈಲ್‌ನ ಬೆರಳಚ್ಚಿನಂಥ ಎಸ್‌ಎಚ್‌ಎ256 ಸಂಖ್ಯೆ ತೋರಿಸುತ್ತದೆ. ಜಾಲತಾಣದಲ್ಲಿ ಕೊಟ್ಟಿರುವ ಸಂಖ್ಯೆಗೂ ಇದಕ್ಕೂ ಒಂದಕ್ಷರ ವ್ಯತ್ಯಾಸ ಇದ್ದರೂ ಆ ಫೈಲ್ ಬೇಡ. ಪಾರ್ಟಿಷನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಯುಇಎಫ್‌ಐ (ಹಳೇ ಬಯೋಸ್‌ನ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಇರಲಿ. ಸ್ಟಾರ್ಟ್ ಒತ್ತಿದಾಗ ಐಎಸ್‌ಒ ಮೋಡ್ ಬೇಕಾ, ಡಿಡಿ ಮೋಡ್ ಬೇಕಾ ಅಂತ ಕೇಳುತ್ತದೆ. ಐಎಸ್‌ಒ ಮೋಡ್ ಆರಿಸಿ. ಅದರಿಂದ ಬೂಟ್ ಆಗದಿದ್ದರೆ ಎರಡನೇ ಸಲ ಡಿಡಿ.

ನಾಲ್ಕೈದು ಲಿನಕ್ಸ್ ಒಟ್ಟಿಗೆ ನೋಡುವ ಆಸೆ ಇದ್ದರೆ ವೆಂಟಾಯ್ ಇದೆ. ಅದನ್ನು ಒಂದು ಸಲ ಪೆನ್ ಡ್ರೈವ್‌ಗೆ ಹಾಕಿದರೆ ಮುಗಿಯಿತು, ಆಮೇಲೆ ಐಎಸ್‌ಒ ಫೈಲ್‌ಗಳನ್ನು ಮಾಮೂಲಿ ಫೈಲ್ ಥರ ಕಾಪಿ ಮಾಡುವುದಷ್ಟೇ. ಸೆಕ್ಯೂರ್ ಬೂಟ್ ಆನ್ ಇದ್ದರೆ ಮೊದಲ ಸಲ ಅದರ ಕೀಯನ್ನು ಯಂತ್ರಕ್ಕೆ ಪರಿಚಯಿಸುವ ಒಂದು ನೀಲಿ ಮೆನು ಬರುತ್ತದೆ. ಬಿಟ್‌ಲಾಕರ್ ಪರದೆ ಅಂದುಕೊಂಡು ಗಾಬರಿ ಆಗಬೇಡಿ. ಆದರೂ ಮೊದಲ ಸಲ ಮಾಡುವವರಿಗೆ ರುಫಸ್, ಒಂದೇ ಐಎಸ್‌ಒ ಒಳ್ಳೆಯದು.

ಬೂಟ್ ಮಾಡುವುದು

ಎಫ್12 ಒತ್ತಾ ಎಫ್9 ಒತ್ತಾ ಅಂತ ಒದ್ದಾಡುವ ಬದಲು ವಿಂಡೋಸ್ ಕೈಯಲ್ಲೇ ಈ ಕೆಲಸ ಮಾಡಿಸಬಹುದು. ಪೆನ್ ಡ್ರೈವ್ ಚುಚ್ಚಿ, ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ನೀಲಿ ಮೆನು ಬರುತ್ತದೆ. ಅದರಲ್ಲಿ ಯೂಸ್ ಎ ಡಿವೈಸ್ ಆರಿಸಿ, ಯುಎಸ್‌ಬಿ ಹೆಸರು ಕಾಣುತ್ತದೆ, ಒತ್ತಿ. ಅಷ್ಟೇ.

ಆ ಸಾಲು ಕಾಣದಿದ್ದರೆ ಕೀಬೋರ್ಡ್ ದಾರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12, ಆದರೆ ಅದನ್ನು ಮೊದಲು ಬಯೋಸ್‌ನಲ್ಲಿ ಆನ್ ಮಾಡಿರಬೇಕಾಗುತ್ತದೆ. ಕೆಲವು ಲೆನೊವೊಗಳ ಪಕ್ಕದಲ್ಲಿ ಸೂಜಿ ತೂತಿನಂಥ ನೋವೋ ಬಟನ್ ಇರುತ್ತದೆ, ಆಫ್ ಆಗಿರುವಾಗ ಅದನ್ನು ಒತ್ತಿದರೂ ಮೆನು ಬರುತ್ತದೆ. ಇದು ಒಂದು ಸಲದ ಬೂಟ್ ಮೆನು, ಇದರಿಂದ ಏನೂ ಶಾಶ್ವತವಾಗಿ ಬದಲಾಗುವುದಿಲ್ಲ. ಬಯೋಸ್ ಒಳಗೆ ಹೋಗಿ ಬೂಟ್ ಕ್ರಮವನ್ನೇ ತಿರುಗಿಸುವುದು ಬೇಡ, ಅಗತ್ಯವೂ ಇಲ್ಲ, ಬಿಟ್‌ಲಾಕರ್ ಅದಕ್ಕೂ ತಕರಾರು ತೆಗೆಯಬಹುದು.

ಲೆಗಸಿ ಮೋಡ್ ಆನ್ ಮಾಡಿ, ಸಿಎಸ್‌ಎಂ ಆನ್ ಮಾಡಿ (ಅಂದರೆ ಹಳೇ ಬಯೋಸ್ ರೀತಿಯಲ್ಲಿ ಬೂಟ್ ಮಾಡಿ) ಅಂತ ಹಳೇ ಬರಹಗಳಲ್ಲಿ ಇರುತ್ತದೆ. ಅದನ್ನು ಮಾಡಲೇಬೇಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಆ ಆಯ್ಕೆಯೇ ಇಲ್ಲ, ಇದ್ದರೂ ಆನ್ ಮಾಡಿದರೆ ವಿಂಡೋಸ್ ಬೂಟ್ ಆಗುವುದು ನಿಲ್ಲಬಹುದು. ಹಾಗೆಯೇ, ಲಿನಕ್ಸ್ ಒಳಗೆ ಬಂದಾಗ ಒಳಗಿನ ಡಿಸ್ಕ್ ಕಾಣಿಸದಿದ್ದರೆ, ಡಿಸ್ಕನ್ನು ನಡೆಸುವ ಇಂಟೆಲ್‌ನ ಆರ್‌ಎಸ್‌ಟಿ ಸೆಟ್ಟಿಂಗ್ ಕಾರಣ ಇರಬಹುದು. ಅದನ್ನು ಬಯೋಸ್‌ನಲ್ಲಿ ಎಎಚ್‌ಸಿಐ ಅನ್ನುವ ಸಾಮಾನ್ಯ ವಿಧಾನಕ್ಕೆ ಬದಲಿಸಿ ಅಂತ ಸಲಹೆ ಸಿಗುತ್ತದೆ, ಆದರೆ ತಯಾರಿ ಇಲ್ಲದೆ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಸುಮ್ನೆ ಲಿನಕ್ಸ್ ನೋಡಲು ಒಳಗಿನ ಡಿಸ್ಕ್ ಕಾಣಲೇಬೇಕು ಅಂತೇನೂ ಇಲ್ಲ, ಬಿಟ್ಟುಬಿಡಿ.

ಕಪ್ಪು ಮೆನು ಬಂದರೆ ಮೊದಲ ಸಾಲಿನ ಮೇಲೆ ಎಂಟರ್ ಒತ್ತಿ. ಪರದೆ ಕಪ್ಪಾಗಿಯೇ ಉಳಿದರೆ ಗ್ರಾಫಿಕ್ಸ್ ಕಾರ್ಡ್‌ನ ತಕರಾರು. ಮತ್ತೆ ಬೂಟ್ ಮಾಡಿ, ಮಿಂಟ್‌ನಲ್ಲಿ ಕಂಪ್ಯಾಟಿಬಿಲಿಟಿ ಮೋಡ್, ಲುಬುಂಟುನಲ್ಲಿ ಸೇಫ್ ಗ್ರಾಫಿಕ್ಸ್ ಅನ್ನುವ ಸಾಲು ಆರಿಸಿ.

ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕಾದರೆ

ಪಪ್ಪಿಗೋ ಆಂಟಿಎಕ್ಸ್‌ಗೋ ಹೋಗುವವರಿಗೆ ಮಾತ್ರ ಇದು. ರಿಕವರಿ ಕೀ ಕಾಗದದಲ್ಲಿದೆ ತಾನೇ? ಪ್ರೋ ಆವೃತ್ತಿಯಲ್ಲಿ ಬಿಟ್‌ಲಾಕರ್ ಪುಟದಿಂದ ಸಸ್ಪೆಂಡ್ ಪ್ರೊಟೆಕ್ಷನ್ ಒತ್ತಿಕೊಂಡು ಹೋಗಿ. ಅದೇ ಶಿಫ್ಟ್ ಹಿಡಿದ ರೀಸ್ಟಾರ್ಟ್ ಮೆನುವಿನಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಆರಿಸಿದರೆ ಸೀದಾ ಬಯೋಸ್‌ಗೆ ಕರೆದೊಯ್ಯುತ್ತದೆ. ಸೆಕ್ಯೂರಿಟಿ ಅಥವಾ ಬೂಟ್ ಪುಟದಲ್ಲಿ ಸೆಕ್ಯೂರ್ ಬೂಟ್ ಸಿಗುತ್ತದೆ. ಎಷ್ಟೋ ಏಸರ್‌ಗಳಲ್ಲಿ ಅದು ಮಸುಕಾಗಿರುತ್ತದೆ, ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟ ಮೇಲೆಯೇ ಬದಲಿಸಲು ಬಿಡುತ್ತದೆ. ಆ ಪಾಸ್‌ವರ್ಡ್ ಮರೆತರೆ ದೊಡ್ಡ ತಲೆನೋವು, ಕೆಲಸ ಮುಗಿದ ಮೇಲೆ ತೆಗೆದುಬಿಡಿ. ಎಚ್‌ಪಿಯಲ್ಲಿ ಆಫ್ ಮಾಡಿ ಸೇವ್ ಮಾಡಿದ ಮೇಲೆ ಪರದೆಯಲ್ಲಿ 4 ಅಂಕಿ ತೋರಿಸಿ ಅದನ್ನೇ ಟೈಪ್ ಮಾಡಲು ಹೇಳುತ್ತದೆ. ಒತ್ತಿದ ಅಂಕಿ ಪರದೆಯಲ್ಲಿ ಕಾಣದಿದ್ದರೂ ಒತ್ತಿ ಎಂಟರ್ ಕೊಡಿ.

ಇನ್ನೊಂದು ಸಂದರ್ಭ ಇದೆ. ಮಿಂಟ್, ಉಬುಂಟು ಥರದ ಸಹಿ ಇರುವ ಲಿನಕ್ಸ್ ಕೂಡ ಕೆಲವು ಹೊಸ ಯಂತ್ರಗಳಲ್ಲಿ ತಡೆಯಾಗುತ್ತದೆ, ಥಿಂಕ್‌ಪ್ಯಾಡ್‌ಗಳಲ್ಲಿ ಇದು ಇದೆ. ಅಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವುದು ಬೇಕಿಲ್ಲ, ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ (ಬೇರೆಯವರ ಪ್ರೋಗ್ರಾಂಗಳಿಗೆ ಮೈಕ್ರೋಸಾಫ್ಟ್ ಹಾಕುವ ಸಹಿ) ಅನುಮತಿಸುವ ಒಂದು ಸ್ವಿಚ್ ಬಯೋಸ್‌ನಲ್ಲಿರುತ್ತದೆ, ಅದನ್ನು ಆನ್ ಮಾಡಿದರೆ ಸಾಕು. ಇದೂ ಬಯೋಸ್ ಬದಲಾವಣೆಯೇ, 48 ಅಂಕಿ ಹತ್ತಿರ ಇರಲಿ.

ಒಳಗೆ ಬಂದ ಮೇಲೆ

ಮಿಂಟ್ ಡೆಸ್ಕ್‌ಟಾಪ್ ಮೇಲೆ ಇನ್‌ಸ್ಟಾಲ್ ಐಕಾನ್ ಇರುತ್ತದೆ. ಅದನ್ನು ಬಿಟ್ಟು ಬೇರೆ ಏನನ್ನಾದರೂ ಧೈರ್ಯವಾಗಿ ಒತ್ತಿ ನೋಡಿ. ಆಂಟಿಎಕ್ಸ್ ಲಾಗಿನ್ ಕೇಳಿದರೆ ಹೆಸರೂ ಡೆಮೊ, ಪಾಸ್‌ವರ್ಡೂ ಡೆಮೊ, ಇಂಗ್ಲಿಷ್ ಸಣ್ಣಕ್ಷರದಲ್ಲಿ.

ವೈಫೈ ಕಾಣದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಡ್ರೈವರ್ ಗೊಡವೆ ಇಲ್ಲದೆ ಇಂಟರ್ನೆಟ್ ಬರುತ್ತದೆ. ಆಮೇಲೆ ಯೂಟ್ಯೂಬ್ ಹಾಕಿ ಧ್ವನಿ ನೋಡಿ, ವೆಬ್‌ಕ್ಯಾಮ್ ನೋಡಿ, ಲ್ಯಾಪ್‌ಟಾಪ್ ಮುಚ್ಚಿ ತೆರೆದು ನಿದ್ದೆಯಿಂದ ಏಳುತ್ತದಾ ನೋಡಿ, ಮನೆಯ ಪ್ರಿಂಟರ್‌ಗೆ ಒಂದು ಪುಟ ಕಳಿಸಿ ನೋಡಿ. ಇನ್‌ಸ್ಟಾಲ್ ಮಾಡುವ ಮುಂಚೆ ಇದೆಲ್ಲ ಗೊತ್ತಾಗುವುದೇ ಲೈವ್ ಬೂಟ್‌ನ ದೊಡ್ಡ ಲಾಭ.

ಕನ್ನಡ ಓದಲು ಮಿಂಟ್‌ನಲ್ಲಿ ಏನೂ ಮಾಡಬೇಕಿಲ್ಲ. ಪಪ್ಪಿ, ಆಂಟಿಎಕ್ಸ್‌ಗಳಲ್ಲಿ ಅಕ್ಷರದ ಬದಲು ಚೌಕ ಕಂಡರೆ ಲೋಹಿತ್ ಕನ್ನಡ ಅಥವಾ ನೋಟೊ ಫಾಂಟ್ ಹಾಕಿಕೊಳ್ಳಿ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಅನ್ನುವ ಕನ್ನಡ ಫಾಂಟ್‌ಗಳೂ ಸಿಗುತ್ತವೆ, ಚೆನ್ನಾಗಿವೆ. ಟೈಪ್ ಮಾಡಲು ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪುಟದಲ್ಲಿ ಕನ್ನಡ ಸೇರಿಸಿದರೆ ಆಯಿತು. ನುಡಿಯ ಕೀ ವಿನ್ಯಾಸವೇ ಬೆರಳಿಗೆ ಅಭ್ಯಾಸ ಆಗಿರುವವರು ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಪ್ರೋಗ್ರಾಂ) ಜೊತೆ ಎಂ17ಎನ್ ಪ್ಯಾಕೇಜ್ ಹಾಕಿಕೊಳ್ಳಿ, ಅದರಲ್ಲಿ ಕೆಜಿಪಿ ಅನ್ನುವ ವಿನ್ಯಾಸ ಇದೆ, ಬೆರಳು ತಡವರಿಸುವುದಿಲ್ಲ. ನಮ್ಮಲ್ಲಿ ಡಿಟಿಪಿ ಮಾಡುವವರ ಹತ್ತಿರ, ವಕೀಲರ ಆಫೀಸುಗಳಲ್ಲಿ ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳು ರಾಶಿ ಇರುತ್ತವೆ. ಅವು ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಆ ನುಡಿ ಫಾಂಟ್ ಹಾಕಿ, ಅಥವಾ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ವಿಂಡೋಸ್ ಡ್ರೈವ್ ತೆರೆದು ಫೈಲ್ ನೋಡಬಹುದು. ಎನ್‌ಕ್ರಿಪ್ಟ್ ಆಗಿದ್ದರೆ ಕೀ ಕೇಳುತ್ತದೆ, ಆ 48 ಅಂಕಿಯನ್ನು ಮಧ್ಯದ ಗೆರೆಗಳ ಸಮೇತ ಕೊಡಿ. ವಿಂಡೋಸ್ ಕೆಟ್ಟು ಏಳದೇ ಇದ್ದಾಗ ಫೋಟೋ, ದಾಖಲೆ ಹೊರಗೆ ತೆಗೆಯಲು ಇದೇ ದಾರಿ. ಆದ್ದರಿಂದ ಆ ಪೆನ್ ಡ್ರೈವ್ ಮನೆಯಲ್ಲಿ ಒಂದು ಇರಲಿ ಅನ್ನುತ್ತೇನೆ.

ಲೈವ್ ಲಿನಕ್ಸ್‌ನಲ್ಲಿ ನೀವು ಮಾಡಿದ್ದೆಲ್ಲ ಆಫ್ ಮಾಡಿದ ಕೂಡಲೇ ಹೋಗುತ್ತದೆ. ಉಳಿಯಬೇಕು ಅಂದರೆ, ಉಬುಂಟು ಬಳಗದ (ಮಿಂಟ್, ಲುಬುಂಟು ಕೂಡ ಇದೇ ಬಳಗ) ಐಎಸ್‌ಒಗಳಿಗೆ ರುಫಸ್‌ನಲ್ಲೇ ಪರ್ಸಿಸ್ಟೆಂಟ್ ಪಾರ್ಟಿಷನ್ ಅನ್ನುವ ಸ್ಲೈಡರ್ ಬರುತ್ತದೆ, ಬರೆಯುವ ಮುಂಚೆ ಅದನ್ನು 4 ಜಿಬಿಗೆ ಎಳೆಯಿರಿ. ಪಪ್ಪಿಯಾದರೆ ಮೊದಲ ಸಲ ಆಫ್ ಮಾಡುವಾಗ ತಾನೇ ಸೇವ್ ಮಾಡಲಾ ಅಂತ ಕೇಳುತ್ತದೆ, ಪೆನ್ ಡ್ರೈವ್ ತೋರಿಸಿ. ಈ ವಿಷಯದಲ್ಲಿ ಪಪ್ಪಿ, ಆಂಟಿಎಕ್ಸ್ ಎರಡೂ ಮಿಂಟ್‌ಗಿಂತ ಎಷ್ಟೋ ಮುಂದೆ, ಅವು ಹುಟ್ಟಿದ್ದೇ ಹೀಗೆ ಓಡಲು. ಡೆಸ್ಕ್‌ಟಾಪ್ ಕಂಪ್ಯೂಟರ್ ಆದರೆ ಯುಪಿಎಸ್ ಇರಲಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಸೇವ್ ಫೈಲ್ ಕೆಡಬಹುದು.

ವಿಂಡೋಸ್‌ಗೆ ವಾಪಸ್

ಮೆನುವಿನಿಂದ ಶಟ್‌ಡೌನ್ ಮಾಡಿ. ಪೆನ್ ಡ್ರೈವ್ ತೆಗೆದು ಎಂಟರ್ ಒತ್ತಿ ಅಂತ ಹೇಳುತ್ತದೆ, ಹಾಗೇ ಮಾಡಿ. ಮುಂದಿನ ಸಲ ಆನ್ ಮಾಡಿದರೆ ವಿಂಡೋಸ್ ಎಂದಿನಂತೆ. ಸೆಕ್ಯೂರ್ ಬೂಟ್ ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ, ಬಿಟ್‌ಲಾಕರ್ ಸಸ್ಪೆಂಡ್ ಆಗಿದ್ದರೆ ರೆಸ್ಯೂಮ್ ಆಗಿದೆಯಾ ನೋಡಿ.

ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿದ್ದರೆ ಏನೂ ಕೆಟ್ಟಿಲ್ಲ. ಮದರ್‌ಬೋರ್ಡ್ ಗಡಿಯಾರದಲ್ಲಿ ವಿಂಡೋಸ್ ನಮ್ಮ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಡುತ್ತದೆ. ಸೆಟ್ಟಿಂಗ್ಸ್‌ನ ಡೇಟ್ ಅಂಡ್ ಟೈಮ್‌ನಲ್ಲಿ ಸಿಂಕ್ ನೌ ಒತ್ತಿ.

ಡಿಡಿ ಮೋಡ್‌ನಲ್ಲಿ ಬರೆದ ಪೆನ್ ಡ್ರೈವನ್ನು ವಿಂಡೋಸ್‌ಗೆ ಚುಚ್ಚಿದರೆ, ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಲಿನಕ್ಸ್ ಇನ್ನೂ ಬೇಕಿದ್ದರೆ ಬೇಡ ಅನ್ನಿ. ಬೇಕಿಲ್ಲದಿದ್ದರೆ ರುಫಸ್ ತೆರೆದು ಬೂಟ್ ಸೆಲೆಕ್ಷನ್‌ನಲ್ಲಿ ನಾನ್ ಬೂಟಬಲ್ ಆರಿಸಿ ಸ್ಟಾರ್ಟ್ ಒತ್ತಿ. 16 ಜಿಬಿ ಪೂರ್ತಿ ವಾಪಸ್ ಸಿಗುತ್ತದೆ.